ಮುಚ್ಚಿದ ಎರಿ, ಮಾಗಿದ ತುಪ್ಪ

ಏಪ್ರಿಲ್‌ನಲ್ಲಿ ಜೇನುತುಪ್ಪ ತೆಗೆಯುವ ದಿನ ಕಾಫಿ ತೋಟದ ಜೇನುಪೆಟ್ಟಿಗೆಗಳನ್ನು ಬೆಳಗ್ಗೆಯೇ ಬಿಚ್ಚಿದರೆ ಒಳ್ಳೆಯದು. ಮಧ್ಯಾಹ್ನ ಮೋಡ ಕವಿದರೆ ಗಾಳಿಯ ತೇವವನ್ನು ತುಪ್ಪ ಎಳೆದುಕೊಳ್ಳುತ್ತದೆ. ಹೊಗೆ ಕೊಟ್ಟು ಮೇಲಿನ ತುಪ್ಪದ ಕೋಣೆಯ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯಬೇಕು. ಮುಕ್ಕಾಲು ಭಾಗ ಕೋಶಗಳಿಗೆ ಮೇಣದ ಮುಚ್ಚಳ ಬಿದ್ದಿದ್ದರೆ ತೆಗೆಯಬಹುದು. ಅನುಮಾನ ಬಂದರೆ ಚೌಕಟ್ಟನ್ನು ಅಡ್ಡ ಹಿಡಿದು ಒಮ್ಮೆ ಜಾಡಿಸಿ. ಹನಿ ಉದುರಿದರೆ ಅದು ಇನ್ನೂ ಮಕರಂದವೇ, ತಿರುಗಿ ಒಳಗಿಡಿ.

ಕಾಫಿ ತುಪ್ಪದಲ್ಲಿ ಎಡವುವುದು ಇಲ್ಲೇ. ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮೂರ್ನಾಲ್ಕು ದಿನದಲ್ಲಿ ಹೂ ಬಾಡುತ್ತದೆ. ಮಕರಂದ ಒಮ್ಮೆಲೇ ನುಗ್ಗುವುದರಿಂದ ಅದರ ನೀರು ಆರಿಸಿ ಕೋಶ ಮುಚ್ಚಲು ಹುಳುಗಳಿಗೆ ಸಮಯ ಬೇಕು. ಹೂ ಉದುರಿದ ಬೆನ್ನಿಗೇ ತೆಗೆದ ತುಪ್ಪ ಎಷ್ಟು ಘಮಘಮಿಸಿದರೂ ನೀರಾಗಿರುತ್ತದೆ. ಕೆಲವೇ ವಾರಗಳಲ್ಲಿ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ.

ಮುಚ್ಚಳ ಸವರುವ ಚೂರಿಯನ್ನು ಬಿಸಿನೀರಿನಲ್ಲಿ ಅದ್ದಿದ ಮೇಲೆ ಪ್ರತಿ ಸಲವೂ ಒರೆಸಬೇಕು. ತುಪ್ಪ ತೆಗೆಯುವ ಯಂತ್ರವನ್ನು ಮೊದಲು ಮೆಲ್ಲಗೆ ತಿರುಗಿಸಿ, ಚೌಕಟ್ಟು ಮಗುಚಿ, ಆಮೇಲೆ ವೇಗ ಹೆಚ್ಚಿಸಿ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಎರಿ, ಅಂದರೆ ಮೇಣದ ಹಲ್ಲೆ, ಮೃದು, ಅವಸರ ಮಾಡಿದರೆ ಮುರಿಯುತ್ತದೆ. ಮರಿ ಇರುವ ಎರಿಯನ್ನು ಯಂತ್ರಕ್ಕೆ ಹಾಕಲೇಬಾರದು.

ಸೋಸಿದ ತುಪ್ಪದ ಒಂದು ಹನಿಯನ್ನು, ಗುಳ್ಳೆ ಇಲ್ಲದಂತೆ, ತೇವಾಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಹಾಕಿ ಅರ್ಧ ನಿಮಿಷ ಬಿಟ್ಟು ನೋಡಿ. ಆಹಾರ ಸುರಕ್ಷತಾ ನಿಯಮದಲ್ಲಿ ತೇವಾಂಶದ ಮಿತಿ ಶೇ. 20. ಕೊಡಗಿನಂಥ ತೇವದ ಸೀಮೆಯಲ್ಲಿ ತುಡುವೆ ತುಪ್ಪ ಇದನ್ನು ದಾಟುವುದು ಅಪರೂಪವೇನಲ್ಲ. ಆ ಉಪಕರಣ ಇಲ್ಲದವರು ತೂಕ ನೋಡಬಹುದು: ಮಾಗಿದ ತುಪ್ಪ ಲೀಟರಿಗೆ ಸುಮಾರು 1.4 ಕೆಜಿ ತೂಗುತ್ತದೆ. ಕೊಳ್ಳುವಾಗ ಬಾಟಲಿಯ ಅಳತೆ ಕೇಳುವುದಕ್ಕಿಂತ ತೂಕ ಕೇಳುವುದೇ ಲೇಸು.

ಬಣ್ಣ ನೋಡಿ ಗುಣ ಹೇಳುವವರ ಮಾತು ನಂಬಬೇಡಿ. ಕಾಫಿ ತುಪ್ಪ ತಿಳಿಬಣ್ಣದ್ದು. ನೇರಳೆ ಮರದ ಹೂವಿನದು ಕಪ್ಪು, ಕೊನೆಗೆ ನಾಲಿಗೆಯ ಮೇಲೆ ಸ್ವಲ್ಪ ಒಗರು ಉಳಿಸುತ್ತದೆ. ನಮಗೆ ಇಷ್ಟವಾದದ್ದು ಅದೇ. ಸಂಪಾಜೆ ಕಡೆಯ ರಬ್ಬರ್ ತುಪ್ಪಕ್ಕೆ ಹೂವೇ ಬೇಡ. ಹೊಸ ಚಿಗುರಿನ ಎಲೆತೊಟ್ಟಿನಲ್ಲಿ ಒಸರುವ ರಸದಿಂದ ಆಗುವ ಆ ತುಪ್ಪ ಬೇಗ ಹರಳುಗಟ್ಟುತ್ತದೆ. ಕುರಿಂಜಿಯದೆಂದು ಯಾರಾದರೂ ಕೊಟ್ಟರೆ ಯಾವ ಬೆಟ್ಟದ್ದು, ಯಾವ ವರ್ಷದ್ದು ಎಂದು ಕೇಳಿ. ಕೊಡಗಿನ ಮಾಂದಲಪಟ್ಟಿ ಬೆಟ್ಟದಲ್ಲಿ ನೀಲಿ ಕುರಿಂಜಿ ಅರಳಿದ್ದು 2021ರಲ್ಲಿ; ಅದು ವರ್ಷವೂ ಬಿಡುವ ಹೂವಲ್ಲ.

ಹೆಜ್ಜೇನಿನ ತಟ್ಟಿಯಲ್ಲಿ ತುಪ್ಪದ ಭಾಗವನ್ನಷ್ಟೇ ಕೊಯ್ದು, ಬಟ್ಟೆಯ ಮೇಲೆ ಇಳಿಯಲು ಬಿಟ್ಟರೆ ಚೊಕ್ಕಟ. ಮರಿ, ಪರಾಗ ಎಲ್ಲ ಸೇರಿಸಿ ಹಿಂಡಿದರೆ ತುಪ್ಪ ಮಬ್ಬಾಗಿ ಬೇಗ ಹುಳಿಯುತ್ತದೆ. ಕುಟುಕದ ಪುಟ್ಟ ಜೇನು ಮುಜಂಟಿಯ ತುಪ್ಪಕ್ಕೆ ತೇವದ ಅಳತೆಯೇ ಬೇರೆ: ಅದರ ಸ್ವಭಾವವೇ ತೆಳ್ಳಗೆ, ಹುಳಿಹುಳಿ. ಹುಳಿ ಇದೆಯೆಂದು ಕಲಬೆರಕೆ ಅನ್ನಬೇಡಿ.

ನೀರಿನ ಲೋಟ, ಬೆಂಕಿಕಡ್ಡಿ, ಇರುವೆ — ಕಲಬೆರಕೆ ಹಿಡಿಯಲು ಜನ ಮಾಡುವ ಈ ಪರೀಕ್ಷೆಗಳಿಂದ ಏನೂ ತಿಳಿಯುವುದಿಲ್ಲ. ಗಟ್ಟಿ ಸಕ್ಕರೆ ಪಾಕವೂ ನೀರಿನ ತಳಕ್ಕೇ ಇಳಿಯುತ್ತದೆ. ಅಕ್ಕಿ ಪಾಕ ಬೆರೆಸಿದ್ದನ್ನು ಕಂಡುಹಿಡಿಯಲು ಪ್ರಯೋಗಾಲಯವೇ ಬೇಕು. ಸಾಕುವವರನ್ನು ಕೇಳಬೇಕಾದ್ದು ಇನ್ನೊಂದು: ಮಳೆಗಾಲದ ಸಕ್ಕರೆ ನೀರು ಕೊಡುವುದನ್ನು ಯಾವಾಗ ನಿಲ್ಲಿಸಿದಿರಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಳು ಬದುಕಲು ಅದು ಬೇಕು, ತಪ್ಪಿಲ್ಲ. ತುಪ್ಪದ ಕೋಣೆ ಇಟ್ಟ ಮೇಲೂ ಕೊಟ್ಟರೆ ಎರಿಯಲ್ಲಿ ಸಕ್ಕರೆಯೇ ತುಂಬುತ್ತದೆ.

ಹರಳುಗಟ್ಟಿದ ತುಪ್ಪ ಕೆಟ್ಟದ್ದಲ್ಲ. ತಳದಲ್ಲಿ ಹರಳು, ಮೇಲೆ ತೆಳು ಪದರ ಬೇರ್ಪಟ್ಟಿದ್ದರೆ ಮಾತ್ರ ಬೇಗ ಬಳಸಿಬಿಡಿ, ಆ ನೀರು ಪದರದಲ್ಲೇ ಹುಳಿ ಶುರುವಾಗುವುದು. ಕರಗಿಸಬೇಕಾದರೆ ಬಾಟಲಿಯನ್ನು ಕೈಗೆ ತಡೆಯುವಷ್ಟು ಬಿಸಿಯ ನೀರಿನಲ್ಲಿ, 45 ಡಿಗ್ರಿ ದಾಟದಂತೆ, ಇಡಿ. ಒಲೆಯ ಮೇಲಿಟ್ಟು ಕುದಿಸಿದರೆ ಪರಿಮಳ ಹಾರಿ, ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ.