ಶನಿವಾರದ ಕೊನೇ ಪೀರಿಯಡ್

ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ್ರು ಅಂತ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಬಂದಾಗ ಎಲ್ರೂ ಓಂ ಶಾಂತಿ ಹಾಕ್ತಾ ಇದ್ರು, ಒಬ್ಬ ಮಾತ್ರ "ಓಲ್ಡ್ ಡ್ಯಾನ್, ಲಿಟಲ್ ಆನ್" ಅಂತ ಬರೆದ, ಅದನ್ನ ನೋಡಿದ್ಮೇಲೆ ನನಗೆ ಅಳು ತಡೆಯೋಕೆ ಆಗ್ಲಿಲ್ಲ.

ಏಳನೇ ಕ್ಲಾಸಿನ ಗ್ರಾಮರ್ ಒಂದೂ ನೆನಪಿಲ್ಲ. ನೆನಪಿರೋದು ಶನಿವಾರದ ಕೊನೇ ಪೀರಿಯಡ್ಡು, ಮೇಷ್ಟ್ರು ಟೇಬಲ್ ತುದೀಲಿ ಕೂತು ವಿಲ್ಸನ್ ರಾಲ್ಸ್ ಬರೆದ 'ವೇರ್ ದ ರೆಡ್ ಫರ್ನ್ ಗ್ರೋಸ್' ಓದ್ತಾ ಕನ್ನಡದಲ್ಲಿ ಹೇಳ್ತಾ ಹೋಗ್ತಿದ್ದದ್ದು. ಅಮೆರಿಕದ ಒಕ್ಲಹೋಮದ ಓಜಾರ್ಕ್ ಬೆಟ್ಟದ ಬಡ ಹುಡುಗ ಬಿಲ್ಲಿ, ಬೇಟೆನಾಯಿ ಬೇಕೂಂತ ಹಣ್ಣು ಕಿತ್ತು ಮಾರಿ, ಮೀನು ಹಿಡಿಯೋಕೆ ಬಂದೋರಿಗೆ ತರಕಾರಿ ಮಾರಿ ಎರಡು ವರ್ಷ ಬೇಕಿಂಗ್ ಪೌಡರ್ ಡಬ್ಬೀಲಿ 50 ಡಾಲರ್ ಕೂಡಿಡ್ತಾನೆ. ಮನೇಲಿ ಹೇಳದೆ ರಾತ್ರೋರಾತ್ರಿ ನಡ್ಕೊಂಡು ಹೋಗಿ ಓಲ್ಡ್ ಡ್ಯಾನ್, ಲಿಟಲ್ ಆನ್ ಅನ್ನೋ ಎರಡು ನಾಯಿಮರಿಗಳನ್ನ ಗೋಣಿಚೀಲದಲ್ಲಿ, ತಲೆ ಹೊರಗಿರೋ ಹಾಗೆ ತೂತು ಮಾಡಿ ಹೊತ್ತು ತರ್ತಾನೆ. ಅವತ್ತು ಮೇಷ್ಟ್ರು ತಮ್ಮ ಬಟ್ಟೆಚೀಲ ಬೆನ್ನಿಗೆ ಹಾಕ್ಕೊಂಡು ಕ್ಲಾಸೆಲ್ಲಾ ನಡೆದು ತೋರಿಸಿದ್ರು. ಆ ನಾಯಿಗಳು ಬೇಟೆಯಾಡೋ ರಕೂನ್ ಅಂದ್ರೇನು ಅಂತ ನಮಗೆ ಗೊತ್ತಿರ್ಲಿಲ್ಲ, ಬೋರ್ಡ್ ಮೇಲೆ ಬರೆದ್ರು, ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲಕ್ಕೆ ಬಳೆ ಬಳೆ.

ಮುಂದೇನಾಗತ್ತೆ ಅಂತ ತಡೀಲಾರ್ದೆ ನಾವು ಮೂರು ಜನ ಊಟದ ಬೆಲ್ ಹೊತ್ತಲ್ಲಿ ಸ್ಟಾಫ್ ರೂಮಿನ ಬೀರುವಿಂದ ಪುಸ್ತಕ ಎಗರಿಸಿ ನೀರಿನ ಟ್ಯಾಂಕ್ ಹಿಂದೆ ಕೂತು ಕೊನೇ ಪೇಜುಗಳನ್ನ ಓದಿದ್ವಿ. ಅರ್ಧಂಬರ್ಧ ಅರ್ಥ ಆದ್ರೂ ಸಾಕಾಯ್ತು. ಬೆಟ್ಟದ ಸಿಂಹ ಅಂತ ಕರೆಯೋ ಪ್ಯೂಮಾ ಅನ್ನೋ ದೊಡ್ಡ ಕಾಡುಬೆಕ್ಕಿನ ಜೊತೆ ಕಾದಾಡಿ ಓಲ್ಡ್ ಡ್ಯಾನ್ ಸಾಯ್ತಾನೆ, ಲಿಟಲ್ ಆನ್ ಊಟ ಬಿಟ್ಟು ಅವನ ಸಮಾಧಿ ಮೇಲೇ ಪ್ರಾಣ ಬಿಡ್ತಾಳೆ. ನಮ್ಮ ಮುಖ ನೋಡೇ ಮೇಷ್ಟ್ರಿಗೆ ಗೊತ್ತಾಯ್ತು. ಹೊಡೀಲಿಲ್ಲ. "ಶನಿವಾರದ ತನಕ ಯಾರ್ಗೂ ಬಾಯಿ ಬಿಡಂಗಿಲ್ಲ ಕಣ್ರೋ, ಅದೇ ಶಿಕ್ಷೆ" ಅಂದ್ರು. ಅಬ್ಬಾ, ಏಟೇ ವಾಸಿ ಅನ್ನಿಸಿತ್ತು!

ಆ ಶನಿವಾರ ಆನ್ ಸಾಯೋ ಜಾಗಕ್ಕೆ ಬಂದಾಗ ಅವರಿಗೆ ಗಂಟಲು ಕಟ್ಟಿ, ಖಾಲಿ ಬೋರ್ಡನ್ನೇ ಒರೆಸ್ತಾ ನಿಂತ್ರು, ಪುಸ್ತಕ ನನ್ನ ಕೈಗೆ ಕೊಟ್ರು. ಕ್ಲಾಸಲ್ಲಿ ನನ್ನ ಓದು ಚೆನ್ನಾಗಿತ್ತು, ಎರಡು ಸಮಾಧಿ ನಡುವೆ ಕೆಂಪು ಜರೀಗಿಡ ಬೆಳೆದಿರೋ ಭಾಗ, ದೇವದೂತರು ಮಾತ್ರ ಅದರ ಬೀಜ ಹಾಕ್ತಾರೆ ಅನ್ನೋ ನಂಬಿಕೆ, ಎಲ್ಲಾ ನಾನೇ ಓದಿದೆ. ಇವತ್ತು ನಾನು ನಾಲ್ಕು ಕಥೆ ಬರೆದಿದ್ರೆ ಅದು ಅವತ್ತು ಶುರುವಾದದ್ದು.

ರಾಲ್ಸ್ ಮದುವೆಗೆ ಮುಂಚೆ ತಾವು ಬರೆದಿದ್ದನ್ನೆಲ್ಲಾ ಸುಟ್ಟು ಹಾಕಿದ್ರಂತೆ, ಆಮೇಲೆ ಹೆಂಡತಿ ಒತ್ತಾಯಕ್ಕೆ ಮತ್ತೆ ಬರೆದ್ರು, 1961ರಲ್ಲಿ ಪುಸ್ತಕ ಆಯ್ತು. ಇದು ನನಗೆ ಗೊತ್ತಾದದ್ದು ತೀರಾ ಈಚೆಗೆ, ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದ್ದಿದ್ರೆ ಎಷ್ಟು ಖುಷಿಪಡ್ತಿದ್ರೋ.

ಈಗ ನನ್ನ ಮಗಳ ಕ್ಲಾಸಲ್ಲಿ ಕಥೆ ಮುಗಿಯೋಕೆ ಮುಂಚೆನೇ ವರ್ಕ್‌ಶೀಟ್ ಬರತ್ತೆ, ನಾಯಿ ಯಾಕೆ ಸತ್ತಿತು, ಎರಡು ಮಾರ್ಕ್ಸ್. ಮಕ್ಕಳು ಅಳೋಕೂ ಟೈಮ್ ಬೇಡ್ವಾ? ನಮ್ಮ ಸ್ಕೂಲ್ ಲೈಬ್ರರಿಗೆ ಈ ಪುಸ್ತಕದ ಎರಡು ಕಾಪಿ ಕಳಿಸಿದೀನಿ. ಈಗಿನ ಮೇಷ್ಟ್ರುಗಳಲ್ಲಿ ಒಂದೇ ವಿನಂತಿ, ದಯವಿಟ್ಟು ಬೀರುಗೆ ಬೀಗ ಹಾಕಬೇಡಿ.