ಸೋದರತ್ತೆ ಮನೆಯ ಕನ್ನಡಿ ಮೇಜು

ಭಾನುವಾರ, 16 ಫೆಬ್ರವರಿ 2025
ಮೈಸೂರು

ಮೈಸೂರಿನಲ್ಲಿ ಕೆತ್ತನೆ ಜಾಸ್ತಿ ಇರುವ ಹಳೆ ಮೇಜು, ಕುರ್ಚಿ ಯಾವುದೇ ಇರಲಿ, ಅದು ಅರಮನೆಯಿಂದ ಬಂದದ್ದು ಅಂತಲೇ ಮನೆಯವರು ಹೇಳುತ್ತಾರೆ. ನನ್ನ ಸೋದರತ್ತೆಯ ಕನ್ನಡಿ ಮೇಜಿಗೂ ಅಂಥ ಕಥೆ ಇದೆ. 1897ರಲ್ಲಿ ಮರದ ಹಳೆ ಅರಮನೆ ಸುಟ್ಟುಹೋಯಿತಲ್ಲ, ಆಗ ಹೊರಗೆ ಎಳೆದು ಉಳಿಸಿದ ಸಾಮಾನಿನಲ್ಲಿ ಇದೂ ಒಂದಂತೆ. ಅತ್ತೆಯ ಮಗನಿಗೆ ಅದನ್ನು ಕಂಡರೆ ಆಗುವುದಿಲ್ಲ. "ಇಷ್ಟೊಂದು ಗಿಜಿಗಿಜಿ ಇರೋದನ್ನ ಯಾರು ಇಟ್ಕೋತಾರೆ, ಕೊಟ್ಟುಬಿಡೋಣ" ಅಂತಾನೆ. ಇಬ್ಬರೂ ಸೇರಿ ನನ್ನನ್ನು ಕರೆದರು.

ಗಿಜಿಗಿಜಿ ಅನ್ನುವುದು ನಿಜ. ಕನ್ನಡಿಯ ಚೌಕಟ್ಟಿನ ತುಂಬ ದ್ರಾಕ್ಷಿ ಗೊಂಚಲು, ಬಳ್ಳಿ. ಕಾಲುಗಳಿಗೆ ಸಿಂಹದ ಪಂಜ. ಮೇಜಿನ ಹಲಗೆಯ ಮೇಲೆ ಬಿಳಿ ಪಟ್ಟಿ ಕೂರಿಸಿ ಮಾಡಿದ ಎರಡು ನವಿಲು. ಡ್ರಾಯರ್‌ಗಳಿಗೆ ಹೊಳೆಯುವ ಹಿಡಿಗಳು.

ಇಂಥದ್ದನ್ನು ಮುಂದಿನಿಂದ ನೋಡಿ ಏನೂ ಹೇಳಲಾಗದು. ಕೆತ್ತನೆಯನ್ನು ಯಾರು ಬೇಕಾದರೂ ನಕಲು ಮಾಡಬಹುದು. ದ್ರಾಕ್ಷಿ, ಸಿಂಹದ ಪಂಜ ಎಲ್ಲ ಯುರೋಪಿನ ಮಾದರಿಗಳು. 19ನೇ ಶತಮಾನದಲ್ಲಿ ಬಾಂಬೆಯ ಕಾರ್ಖಾನೆಗಳಲ್ಲಿ ಪಾರ್ಸಿಗಳ ಮನೆಗೆ, ಇಂಗ್ಲಿಷರ ಬಂಗಲೆಗೆ ಅಂತ ಬೀಟೆ ಮರದಲ್ಲಿ ಇಂಥ ಕುರ್ಚಿ, ಸೋಫಾ ಬೇಕಾದಷ್ಟು ಕೆತ್ತಿದರು. ನವಿಲನ್ನು ನಂಬಿ ಊರು ಹೇಳುವುದೂ ಅಷ್ಟೇ ಕಷ್ಟ.

ಹಾಗಾಗಿ ಮೊದಲು ಡ್ರಾಯರ್ ಹೊರಗೆಳೆದು ಬೋರಲು ಹಾಕಿದೆ. ಮುಂದಿನ ಹಲಗೆ ಬೀಟೆ, ಪಕ್ಕದ್ದು ತೇಗ. ಇದು ಒಳ್ಳೆಯ ಗುರುತು. ದುಬಾರಿ ಮರವನ್ನು ಕಾಣುವ ಕಡೆ ಹಾಕಿ, ಕಾಣದ ಕಡೆ ಬೇರೆ ಗಟ್ಟಿ ಮರ ಹಾಕುವುದು ಕಸುಬು ಗೊತ್ತಿದ್ದವರ ರೀತಿ. ಮೂಲೆಗಳಲ್ಲಿ ಡವ್‌ಟೇಲ್ ಜೋಡಣೆ, ಅಂದರೆ ಪಾರಿವಾಳದ ಬಾಲದಂಥ ಹಲ್ಲುಗಳನ್ನು ಒಂದರೊಳಗೊಂದು ಸಿಕ್ಕಿಸಿದ್ದು. ಒಂದು ಹಲ್ಲು ಅಗಲ, ಇನ್ನೊಂದು ಸ್ವಲ್ಪ ಕಿರಿದು, ಬಡಗಿ ಗೀಚಿಕೊಂಡ ಅಳತೆಯ ಗೆರೆ ಇನ್ನೂ ಇದೆ. ಮೆಷಿನ್ನಿನಲ್ಲಿ ಕೊರೆದಿದ್ದರೆ ಹಲ್ಲುಗಳೆಲ್ಲ ಒಂದೇ ಅಳತೆಗೆ ಇರುತ್ತಿದ್ದವು. ಇಲ್ಲಿ ಕೈ ಕೆಲಸವಾಗಿದೆ.

ಆದರೆ ಡ್ರಾಯರಿನ ತಳ ಪ್ಲೈವುಡ್! ಆಮೇಲೆ ಹಾಕಿದ್ದಿರಬಹುದೇ ಅಂತ ಟಾರ್ಚ್ ಹಿಡಿದು ತುಂಬ ಹೊತ್ತು ನೋಡಿದೆ. ತಳ ಕೂತಿರುವ ತೋಡು ಸರಿಯಾಗಿ ಪ್ಲೈವುಡ್ಡಿನ ದಪ್ಪಕ್ಕೇ ತೆಗೆದದ್ದು. ಅಗಲ ಮಾಡಿದ ಗುರುತಿಲ್ಲ, ಸಂದಿಗೆ ತುಂಡು ತುರುಕಿಲ್ಲ. ಎಲ್ಲ ಡ್ರಾಯರ್‌ಗಳಲ್ಲೂ ಹಾಗೆಯೇ. ಪ್ಲೈವುಡ್ ನಮ್ಮಲ್ಲಿ ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ಅಂದರೆ ಬೆಂಕಿ ಬಿದ್ದಾಗ ಈ ಮೇಜು ಹುಟ್ಟಿಯೇ ಇರಲಿಲ್ಲ.

ಹಿಡಿಗಳಿಗೆ ಅಯಸ್ಕಾಂತ ಹಿಡಿದೆ, ಟಪ್ ಅಂತ ಅಂಟಿತು. ಹಿತ್ತಾಳೆ ಅಲ್ಲ, ಬಣ್ಣ ಕೊಟ್ಟ ಕಬ್ಬಿಣ. ಅವುಗಳ ಸ್ಕ್ರೂ ತಲೆಯಲ್ಲಿ ಪ್ಲಸ್ ಗುರುತಿದೆ. ಆ ಬಗೆಯ ಸ್ಕ್ರೂ ಅಮೆರಿಕದಲ್ಲೇ ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ. ಮಿಕ್ಕ ಕಡೆಯೆಲ್ಲ ಒಂದೇ ಗೀಟಿನ ಸ್ಕ್ರೂಗಳು. ಡ್ರಾಯರಿನ ಒಳಗೆ ಹಳೆ ಹಿಡಿಗಳ ತೂತುಗಳನ್ನು ಮುಚ್ಚಿದ ಗುರುತೂ ಸಿಕ್ಕಿತು. ಅಂದರೆ ಹಿಡಿಗಳನ್ನು ಆಮೇಲೆ ಬದಲಾಯಿಸಿದ್ದಾರೆ.

ನವಿಲಿನ ಬಿಳಿ ಪಟ್ಟಿಯನ್ನು ಅತ್ತೆ ದಂತ ಅಂದುಕೊಂಡಿದ್ದರು. ಭೂತಗನ್ನಡಿಯಲ್ಲಿ ದಂತವಾದರೆ ಅಡ್ಡ ಕೊಯ್ದ ಕಡೆ ಒಂದಕ್ಕೊಂದು ಹಾಯುವ ಗೆರೆಗಳು ಕಾಣುತ್ತವೆ. ಮೂಳೆಯಾದರೆ ಸಣ್ಣ ಕಪ್ಪು ಚುಕ್ಕೆ, ಗೀರು ಇರುತ್ತವೆ. ಇದರಲ್ಲಿ ಏನೂ ಇಲ್ಲ, ಬರೀ ಬಿಳುಪು. ಪ್ಲಾಸ್ಟಿಕ್. ಒಳ್ಳೆಯದೇ ಆಯಿತು, ದಂತವಾಗಿದ್ದರೆ ಮಾರುವುದು ಅಪರಾಧ. ಚೌಕಟ್ಟಿನ ಹಿಂದೆ ಒಂದು ಹನಿ ಸ್ಪಿರಿಟ್ ಹಾಕಿದೆ, ಪಾಲಿಶ್ ಅಂಟಂಟಾಯಿತು. ಅದು ಅರಗಿನ ಪಾಲಿಶ್. ನವಿಲಿರುವ ಹಲಗೆಯ ಅಂಚಿನಲ್ಲಿ ಹಾಕಿದಾಗ ಏನೂ ಆಗಲಿಲ್ಲ. ಆ ಹಲಗೆಗೆ ಆಮೇಲೆ ಬೇರೆ ವಾರ್ನಿಷ್ ಬಳಿದಿದ್ದಾರೆ. ನವಿಲೂ ಆಗಲೇ ಬಂದಿರಬೇಕು ಅಂತ ನನ್ನ ಊಹೆ.

ಇಷ್ಟೆಲ್ಲ ಆದ ಮೇಲೂ ನಾನು ಆ ಮೇಜಿನ ಪರವೇ. ದ್ರಾಕ್ಷಿ ಗೊಂಚಲನ್ನು ಕೈಯಲ್ಲಿ ಮುಟ್ಟಿ ನೋಡಬೇಕು. ಕೆತ್ತಿದವನು ಹಣ್ಣುಗಳ ಹಿಂದಿನಿಂದಲೂ ಉಳಿ ಹಾಯಿಸಿ ಮರ ತೆಗೆದಿದ್ದಾನೆ, ಎಲೆ ತುದಿಯಲ್ಲಿ ಕಾಗದದಷ್ಟು ತೆಳು. ಕನ್ನಡಿಯ ಹಿಂದೆ, ಗೋಡೆ ಕಡೆಗೆ ತಿರುಗುವ ಎಲೆಗೂ ನರ ಬಿಡಿಸಿದ್ದಾನೆ. ಆಡಂಬರ ಜಾಸ್ತಿ ಅನ್ನುವುದು ನಮ್ಮ ಕಾಲದ ರುಚಿ. ಕೆಲಸ ಕೆಟ್ಟದ್ದು ಅನ್ನಲು ಬೇರೆ ಸಾಕ್ಷಿ ಬೇಕು, ಚೌಕಟ್ಟಿನಲ್ಲಿ ನನಗೆ ಅದು ಸಿಗಲಿಲ್ಲ. ನವಿಲು ಮಾತ್ರ ಒರಟು ಕೆಲಸ, ಕತ್ತು ತಿರುಗುವ ಕಡೆ ಪಟ್ಟಿ ಸಂದಿ ಬಿಟ್ಟಿದೆ.

"ಹಾಗಾದ್ರೆ ಅರಮನೆದು ಅಲ್ವಾ?" ಅಂದರು ಅತ್ತೆ.

"ಅಲ್ಲ ಅತ್ತೆ. ಆದ್ರೆ ಕೊಡಬೇಡಿ" ಅಂದೆ.

ಚೌಕಟ್ಟನ್ನು ಕೆರೆಸಿ ಹೊಸ ಪಾಲಿಶ್ ಹಾಕಿಸಬಾರದು ಅಂತ ಒಪ್ಪಿಸಿದ್ದೇನೆ. ಮುಂದಿನ ವಾರ ಹಿಡಿಗಳನ್ನು ಬಿಚ್ಚಿ, ಹಳೆ ತೂತಿನ ಅಳತೆಗೆ ಹೊಂದುವ ಹಿತ್ತಾಳೆ ಹಿಡಿ ಹುಡುಕಬೇಕು. ಅತ್ತೆಯ ಮಗ ತಾನೂ ಬರುತ್ತೇನೆ ಅಂದಿದ್ದಾನೆ.