ಕ್ರಿಸ್ಟಿ ರಿಂಗ್ ಜಾಡಿನಲ್ಲಿ: ಕ್ಲಾಯ್ನ್, ಥರ್ಲ್ಸ್, ಕ್ರೋಕ್ ಪಾರ್ಕ್

ಐರ್ಲೆಂಡಿನ ಡಬ್ಲಿನ್‌ನಲ್ಲಿ ಕ್ರೋಕ್ ಪಾರ್ಕ್ ಮೈದಾನ ಸುತ್ತಿ ಬಂದವರು, ಕೋಲು-ಚೆಂಡಿನ ಐರಿಷ್ ಆಟವಾದ ಹರ್ಲಿಂಗ್ ನೋಡಿದೆವು ಅನ್ನುತ್ತಾರೆ. ಆ ಆಟದ ದೊಡ್ಡ ಆಟಗಾರ ಕ್ರಿಸ್ಟಿ ರಿಂಗ್ ಅವರನ್ನು ಅರಿಯಬೇಕಾದರೆ ಮಾತ್ರ ಆ ದಾರಿ ತಿರುಗುಮುರುಗು. ಕಾರ್ಕ್‌ನಿಂದ ಶುರುಮಾಡಿ, ಡಬ್ಲಿನ್ ಕೊನೆಗಿರಲಿ.

ಕಾರ್ಕ್‌ನ ಕೆಂಟ್ ನಿಲ್ದಾಣದಿಂದ ಮಿಡಲ್ಟನ್‌ಗೆ ಲೋಕಲ್ ರೈಲಿದೆ, ಅರ್ಧ ಗಂಟೆಯೊಳಗಿನ ದಾರಿ. ಅಲ್ಲಿಂದ ಕ್ಲಾಯ್ನ್ ಸುಮಾರು 8 ಕಿ.ಮೀ. ಕಾರ್ಕ್‌ನಿಂದ ಬ್ಯಾಲಿಕಾಟನ್‌ಗೆ ಹೋಗುವ 240ನೇ ನಂಬರಿನ ಬಸ್ಸೂ ಕ್ಲಾಯ್ನ್ ಮೂಲಕವೇ ಹೋಗುತ್ತದೆ. ಬಸ್ಸುಗಳು ವಿರಳ, ಭಾನುವಾರ ಇನ್ನೂ ಕಡಿಮೆ. ಹೊರಡುವ ಮೊದಲೇ ವಾಪಸ್ ಬಸ್ಸಿನ ವೇಳೆ ನೋಡಿಕೊಳ್ಳದಿದ್ದರೆ ಮಿಡಲ್ಟನ್‌ವರೆಗೆ ಟ್ಯಾಕ್ಸಿಯೇ ಗತಿ.

ರಿಂಗ್ ಹುಟ್ಟಿದ್ದು 1920ರ ಅಕ್ಟೋಬರ್ 30ರಂದು, ಈ ಕ್ಲಾಯ್ನ್‌ನಲ್ಲಿ. ಹಳೆಯ ಕೆಥೆಡ್ರಲ್, ಎದುರಿಗೆ ಮೂವತ್ತು ಮೀಟರ್ ಎತ್ತರದ ದುಂಡು ಗೋಪುರ, ಒಂದಿಷ್ಟು ಅಂಗಡಿಗಳು: ಊರೆಂದರೆ ಇಷ್ಟೇ. ಅವರ ಪ್ರತಿಮೆ ಇರುವುದು ಊರ ಕ್ಲಬ್ಬಿನ ಮೈದಾನದ ಬಳಿ. ಸಮಾಧಿಯೂ ಇದೇ ಊರಲ್ಲಿದೆ. 1979ರ ಮಾರ್ಚ್ 2ರಂದು ಅವರು ಕಾರ್ಕ್ ನಗರದಲ್ಲಿ ಕುಸಿದು ತೀರಿಕೊಂಡಾಗ ಸಮಾಧಿಯ ಮುಂದೆ ಮಾತಾಡಿದವರು ಆಗಿನ ಪ್ರಧಾನಿ ಜ್ಯಾಕ್ ಲಿಂಚ್. ರಾಜಕಾರಣಿಯೆಂದು ಬಂದವರಲ್ಲ, ಕಾರ್ಕ್ ತಂಡದಲ್ಲೂ ಗ್ಲೆನ್ ರೋವರ್ಸ್ ಕ್ಲಬ್ಬಿನಲ್ಲೂ ರಿಂಗ್ ಜೊತೆ ಆಡಿದವರು.

ಹರ್ಲಿಂಗ್‌ನಲ್ಲಿ ಆಟಗಾರರಿಗೆ ಸಂಬಳವಿಲ್ಲ. ರಿಂಗ್ ಹೊಟ್ಟೆಪಾಡಿಗೆ ಶೆಲ್ ಕಂಪನಿಯ ತೈಲದ ಲಾರಿ ಓಡಿಸಿದರು. ಹಾಗಿದ್ದೂ ಎಂಟು ಅಖಿಲ ಐರ್ಲೆಂಡ್ ಪದಕ ಗೆದ್ದರು: 1941ರಿಂದ 1944ರವರೆಗೆ ಸತತ ನಾಲ್ಕು, 1946ರಲ್ಲಿ ಒಂದು, ಮತ್ತೆ 1952ರಿಂದ 1954ರವರೆಗೆ ಸತತ ಮೂರು. 1946, 1953, 1954ರಲ್ಲಿ ನಾಯಕರೂ ಅವರೇ. ಪ್ರಾಂತ್ಯಗಳ ನಡುವಿನ ರೈಲ್ವೆ ಕಪ್‌ನಲ್ಲಿ ಮನ್‌ಸ್ಟರ್ ಪ್ರಾಂತ್ಯದ ಪರವಾಗಿ ಗೆದ್ದ ಪದಕಗಳು 18. ಚಾಂಪಿಯನ್‌ಶಿಪ್‌ನಲ್ಲಿ ಒಟ್ಟು ಗಳಿಕೆ 33-208, ಅಂದರೆ 33 ಗೋಲು, 208 ಪಾಯಿಂಟ್. ಗೋಲುಕಂಬಗಳ ನಡುವಿನ ಅಡ್ಡಪಟ್ಟಿಯ ಕೆಳಗೆ ಹೊಡೆದರೆ ಗೋಲು, ಅದಕ್ಕೆ ಮೂರು ಪಾಯಿಂಟ್. ಮೇಲಿಂದ ಹೋದರೆ ಒಂದು. ಹರ್ಲಿಂಗ್ ಸ್ಕೋರನ್ನು ಹೀಗೆ ಎರಡಾಗಿ ಓದಬೇಕು.

ಕಾರ್ಕ್ ಸುತ್ತಮುತ್ತ ಹರ್ಲಿ ಕೋಲು ಕೆತ್ತುವವರು ಇದ್ದಾರೆ. ಒಂದನ್ನು ಕೊಳ್ಳುವುದಾದರೆ ಮರದ ಎಳೆ ನೋಡಿ. ಒಳ್ಳೆಯ ಹರ್ಲಿ ಆಗುವುದು ಆಶ್ ಮರದ ಬುಡದಿಂದ, ಕಾಂಡ ಬೇರಿಗೆ ಬಾಗುವ ಕಡೆಯಿಂದ. ಅಲ್ಲಿ ಎಳೆಯೂ ಬಾಗಿಕೊಂಡು ಕೋಲಿನ ಅಗಲವಾದ ತುದಿಯವರೆಗೆ ಹರಿದಿರುತ್ತದೆ. ಎಳೆ ನೇರವಾಗಿ ಹೋಗಿ ಅಂಚಿನಲ್ಲಿ ಕಡಿದಿದ್ದರೆ ನಾಲ್ಕು ಬಲವಾದ ಹೊಡೆತಕ್ಕೆ ತುದಿ ಸೀಳುತ್ತದೆ. ತುದಿಗೆ ಸುತ್ತಿದ ಲೋಹದ ಪಟ್ಟಿಯೂ ಅದನ್ನು ಉಳಿಸದು. ನೆಟ್ಟಗೆ ನಿಂತು ಪಕ್ಕದಲ್ಲಿ ಊರಿದಾಗ ಹಿಡಿಯ ತುದಿ ಸೊಂಟದ ಮೂಳೆಗೆ ಬಂದರೆ ಅಳತೆ ಸರಿ. ಉದ್ದ ಜಾಸ್ತಿಯಾದರೆ ಮಣಿಕಟ್ಟು ತಿರುಗುವುದೇ ಇಲ್ಲ, ರಿಂಗ್ ಆಟದ ಜೀವಾಳವೇ ಮಣಿಕಟ್ಟು. 2012ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗವೊಂದು ಆಶ್ ಮರಗಳನ್ನು ಕೊಲ್ಲುತ್ತಿದೆ. ಹಾಗಾಗಿ ಹೊರದೇಶದ ಆಶ್, ಬಿದಿರು, ಸಿಂಥೆಟಿಕ್ ಕೋಲುಗಳೂ ಬಂದಿವೆ. ವಿಮಾನದಲ್ಲಿ ಇದು ಕೈಚೀಲದ ಸಾಮಾನಲ್ಲ, ಚೆಕ್-ಇನ್ ಲಗೇಜಿಗೇ ಹಾಕಬೇಕು.

ಥರ್ಲ್ಸ್ ಇರುವುದು ಕಾರ್ಕ್-ಡಬ್ಲಿನ್ ರೈಲು ದಾರಿಯಲ್ಲೇ. 1884ರ ನವೆಂಬರ್ 1ರಂದು ಹರ್ಲಿಂಗ್ ನಡೆಸುವ ಗೇಲಿಕ್ ಕ್ರೀಡಾ ಸಂಸ್ಥೆ ಜಿಎಎ ಹುಟ್ಟಿದ್ದು ಇಲ್ಲಿಯ ಹೇಯ್ಸ್ ಹೋಟೆಲಿನಲ್ಲಿ. ಸೆಂಪಲ್ ಸ್ಟೇಡಿಯಂಗೆ ನಿಲ್ದಾಣದಿಂದ ನಡೆದೇ ಹೋಗಬಹುದು. 1944ರ ಮನ್‌ಸ್ಟರ್ ಫೈನಲ್ ಇಲ್ಲೇ ನಡೆಯಿತು. ಯುದ್ಧಕಾಲ, ಪೆಟ್ರೋಲ್ ಇಲ್ಲ. ಕಾರ್ಕ್‌ನಿಂದ ನೂರು ಕಿ.ಮೀ. ಮೀರಿದ ದಾರಿಯನ್ನು ಜನ ಸೈಕಲ್ ತುಳಿದೇ ಬಂದರು. ಲಿಮರಿಕ್ ವಿರುದ್ಧದ ಮೊದಲ ಪಂದ್ಯ ಸಮವಾಯಿತು. ಮರುಪಂದ್ಯದ ಕೊನೆಯ ಗಳಿಗೆಯಲ್ಲಿ ರಿಂಗ್ ಹೊಡೆದ ಗೋಲಿನಿಂದ ಕಾರ್ಕ್ 4-6, 3-6ರಲ್ಲಿ ಗೆದ್ದಿತು. ನಮ್ಮ ಮಟ್ಟಿಗೆ ಹರ್ಲಿಂಗ್‌ನ ನಿಜವಾದ ಅಂಗಳ ಕ್ರೋಕ್ ಪಾರ್ಕ್ ಅಲ್ಲ, ಇದು. ಈಗ ಮನ್‌ಸ್ಟರ್ ಪಂದ್ಯಗಳು ಏಪ್ರಿಲ್‌ನಿಂದ ಜೂನ್‌ವರೆಗೆ ನಡೆಯುತ್ತವೆ. ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ, ಗೇಟಿನಲ್ಲಿ ದುಡ್ಡು ಕೊಟ್ಟು ಒಳಹೋಗುತ್ತೇವೆಂದು ನಂಬಿ ಹೋಗಬೇಡಿ.

ಕ್ರೋಕ್ ಪಾರ್ಕ್‌ಗೆ ಬಂದಾಗ ನೆನೆಯಬೇಕಾದದ್ದು ರಿಂಗ್ ಸೋತ ಪಂದ್ಯವನ್ನು. 1956ರ ಫೈನಲ್, ಕಾರ್ಕ್‌ನಲ್ಲಿ ಪೋಲಿಯೊ ಹರಡಿದ್ದರಿಂದ ಸೆಪ್ಟೆಂಬರ್ 23ಕ್ಕೆ ಮುಂದೂಡಿದ್ದು. ಒಂಬತ್ತನೇ ಪದಕಕ್ಕೆ ಕೆಲವೇ ನಿಮಿಷ ಬಾಕಿಯಿದ್ದಾಗ ರಿಂಗ್ ಹೊಡೆದ ಚೆಂಡನ್ನು ವೆಕ್ಸ್‌ಫರ್ಡ್‌ನ ಗೋಲ್‌ಕೀಪರ್ ಆರ್ಟ್ ಫೋಲಿ ತಡೆದರು. ರಿಂಗ್ ಫೋಲಿಯ ಕೈಕುಲುಕಿದರು. 2-14, 2-8ರಲ್ಲಿ ಗೆದ್ದ ವೆಕ್ಸ್‌ಫರ್ಡ್‌ನ ನಿಕ್ ಓಡೊನೆಲ್, ಬಾಬಿ ರ್‍ಯಾಕರ್ಡ್ ತಮ್ಮ ನಾಯಕನನ್ನು ಎತ್ತುವ ಮೊದಲು ಎದುರಾಳಿ ರಿಂಗ್ ಅವರನ್ನೇ ಹೆಗಲ ಮೇಲೆ ಹೊತ್ತು ಮೈದಾನದಿಂದ ಕರೆತಂದರು.

ಅಲ್ಲಿಯ ಮ್ಯೂಸಿಯಂನಲ್ಲಿ ಕೋಲು ಹಿಡಿದು ಹೊಡೆದು ನೋಡಲು ಜಾಗವಿದೆ. ಕ್ರಿಕೆಟ್ ಆಡಿ ಬೆಳೆದವರು ಅಭ್ಯಾಸಬಲದಿಂದ ಎಡಗೈ ಮೇಲಿಡುತ್ತಾರೆ. ಬಲಗೈಯವರು ಇಲ್ಲಿ ಬಲಗೈಯನ್ನೇ ಮೇಲಿಡಬೇಕು: ಓಡುವಾಗ ಕೋಲು ಆ ಒಂದೇ ಕೈಯಲ್ಲಿರುತ್ತದೆ, ಎಡಗೈ ಚೆಂಡು ಹಿಡಿಯಲು ಖಾಲಿ ಇರಬೇಕು.